ಗ್ರಾಮಸಭೆಯ ಪರದೆ ಮತ್ತು ತಿದ್ದಬಹುದಾದ ಚಿತ್ರಸಂಕೇತಗಳು
(ತರಬೇತಿ ಕಾರ್ಯಾಗಾರದ ಉಪನ್ಯಾಸದ ಪಠ್ಯ)



ಗ್ರಾಮಸಭೆಯಲ್ಲಿ ಸ್ಲೈಡುಗಳ ಮೂಲಕ ಕ್ರಿಯಾಯೋಜನೆಯನ್ನು ಮಂಡಿಸುವಾಗ ಮೊದಲು ನೆನೆಯಬೇಕಾದ ಸಂಗತಿಯೊಂದಿದೆ. 2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತಾ ಪ್ರಮಾಣ ಶೇ. 75.36. ಏಳು ವರ್ಷ ತುಂಬಿದ ಪ್ರತಿ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಅಂದು ಓದು ಬರಹ ಬರುತ್ತಿರಲಿಲ್ಲ. ಇಪ್ಪತ್ತು ಸಾಲುಗಳ ಕೋಷ್ಟಕವು ಅಂಥವರಿಗೆ ಮುಚ್ಚಿದ ಬಾಗಿಲು. ಸಭೆ ಕೈಯೆತ್ತಿ ಒಪ್ಪಿದ ಮಾತ್ರಕ್ಕೆ ಅರಿತು ಒಪ್ಪಿತೆಂದು ಭಾವಿಸಲಾಗದು.

ಈ ತೊಡಕಿಗೆ ಆಸ್ಟ್ರಿಯಾದ ಸಮಾಜ ಚಿಂತಕ ಆಟೋ ನ್ಯೂರಾತ್ 1920ರ ದಶಕದಲ್ಲಿ ವಿಯೆನ್ನಾ ನಗರದಲ್ಲಿ ಪರಿಹಾರ ಅರಸಿದರು. ಅಂಕಿಅಂಶಗಳನ್ನು ಜನಸಾಮಾನ್ಯರಿಗೆ ಚಿತ್ರಸಂಕೇತಗಳ ಮೂಲಕ ತಿಳಿಸುವ ಅವರ ಪದ್ಧತಿ ಮುಂದೆ ‘ಐಸೊಟೈಪ್’ ಎಂದು ಹೆಸರಾಯಿತು. ಅದರ ಮೂಲ ನಿಯಮ ಸರಳ: ಪ್ರಮಾಣ ಹೆಚ್ಚಿದಾಗ ಚಿತ್ರವನ್ನು ಹಿಗ್ಗಿಸಬಾರದು, ಅದೇ ಅಳತೆಯ ಚಿತ್ರಗಳ ಸಂಖ್ಯೆಯನ್ನು ಹೆಚ್ಚಿಸಬೇಕು. ಕೊಡದ ಚಿತ್ರವನ್ನು ಎರಡು ಪಟ್ಟು ಎತ್ತರಿಸಿದರೆ ಅಗಲವೂ ಹೆಚ್ಚಿ, ಅದು ಪರದೆಯಲ್ಲಿ ನಾಲ್ಕು ಪಟ್ಟು ಜಾಗ ಆಕ್ರಮಿಸುತ್ತದೆ. ಲೆಕ್ಕ ಸರಿಯಿದ್ದರೂ ಕಣ್ಣು ಮೋಸಹೋಗುತ್ತದೆ.

ಕುಡಿಯುವ ನೀರಿನ ವಿಷಯವನ್ನೇ ತೆಗೆದುಕೊಳ್ಳಬಹುದು. ಜಲಜೀವನ್ ಮಿಷನ್ ಅನ್ವಯ ಗ್ರಾಮೀಣ ಪ್ರದೇಶದಲ್ಲಿ ತಲಾ ದಿನಕ್ಕೆ 55 ಲೀಟರ್ ನೀರು ದೊರೆಯಬೇಕು. ಒಂದು ಕೊಡದ ಸಂಕೇತಕ್ಕೆ 5 ಲೀಟರ್ ಎಂದಿಟ್ಟುಕೊಂಡರೆ 11 ಕೊಡಗಳಾದವು. ಕೇರಿಯೊಂದಕ್ಕೆ 35 ಲೀಟರ್ ಮಾತ್ರ ತಲುಪುತ್ತಿದ್ದರೆ 7 ಕೊಡಗಳಿಗೆ ಬಣ್ಣ ತುಂಬಿ, 4 ಕೊಡಗಳನ್ನು ಬರಿಯ ಗೆರೆಯಲ್ಲಿ ಉಳಿಸಬೇಕು. ಬರಿದಾದ ನಾಲ್ಕು ಕೊಡಗಳು ಏನು ಹೇಳುತ್ತವೆಂಬುದನ್ನು ಯಾರೂ ಓದಿ ತಿಳಿಸಬೇಕಿಲ್ಲ.

ಇದಕ್ಕೆ ತಿದ್ದಬಹುದಾದ ಚಿತ್ರಗಳೇ ಬೇಕು. ಜೆಪಿಇಜಿ ಚಿತ್ರವು ಬಣ್ಣದ ಚುಕ್ಕೆಗಳ ರಾಶಿ, ಹಿಗ್ಗಿಸಿದರೆ ಮಸುಕಾಗುತ್ತದೆ. ಎಸ್‌ವಿಜಿ ಮಾದರಿಯ ಚಿತ್ರವು ರೇಖೆ, ಆಕಾರಗಳ ವಿವರಣೆಯಾದ್ದರಿಂದ ಎಷ್ಟು ಹಿಗ್ಗಿಸಿದರೂ ಸ್ಫುಟವಾಗಿರುತ್ತದೆ. ಪವರ್‌ಪಾಯಿಂಟ್‌ನ ಈಚಿನ ಆವೃತ್ತಿಗಳಲ್ಲಿ ಅದನ್ನು ‘ಕನ್ವರ್ಟ್ ಟು ಶೇಪ್’ ಆಯ್ಕೆಯಿಂದ ಬಿಡಿ ಆಕಾರಗಳಾಗಿಸಿ, ಪ್ರತಿ ಭಾಗದ ಬಣ್ಣವನ್ನು ಪ್ರತ್ಯೇಕವಾಗಿ ಬದಲಿಸಬಹುದು. ಉಚಿತ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿಯೂ ಇದು ಸಾಧ್ಯ.

ಕೆಲವು ಎಚ್ಚರಿಕೆಗಳು ಅವಶ್ಯ. ಕೆಂಪು ಹಸಿರುಗಳ ಭೇದ ಕೆಲವರ ಕಣ್ಣಿಗೆ ತಿಳಿಯದು. ಆದ್ದರಿಂದ ಬಣ್ಣವೊಂದನ್ನೇ ನೆಚ್ಚದೆ, ತುಂಬಿದ್ದು ಮತ್ತು ಬರಿದು ಎಂಬ ಭೇದವನ್ನೂ ತೋರಿಸಬೇಕು. ಒಂದು ಸ್ಲೈಡಿನಲ್ಲಿ ಒಂದೇ ಶೈಲಿಯ ಸಂಕೇತಗಳಿರಲಿ. ಕನ್ನಡ ಪದಗಳನ್ನು ಚಿತ್ರದೊಳಗೆ ಅಚ್ಚಾಗಿಸದೆ, ಯೂನಿಕೋಡ್ ಅಕ್ಷರಗಳಲ್ಲಿ ಬೇರೆಯಾಗಿ ಬರೆದರೆ ತಿದ್ದುಪಡಿ ಸುಲಭ. ಅಂತರ್ಜಾಲದ ಚಿತ್ರಗಳನ್ನು ಬಳಸುವ ಮುನ್ನ ಪರವಾನಗಿಯ ಷರತ್ತುಗಳನ್ನು ಪರಿಶೀಲಿಸಬೇಕು.

ಕೊನೆಯದಾಗಿ, ಸಭೆಗೆ ಮುನ್ನ ಸ್ಲೈಡನ್ನು ಓದು ಬಾರದ ಹಿರಿಯರೊಬ್ಬರಿಗೆ ತೋರಿಸಿ, ತಿಳಿದದ್ದೇನೆಂದು ಕೇಳುವುದು ಒಳ್ಳೆಯದು. ನಲ್ಲಿಯ ಚಿತ್ರ ಅವರಿಗೆ ಅಪರಿಚಿತವೆನಿಸಿದರೆ ಅಲ್ಲಿ ಕೈಪಂಪು ಬರಲಿ. ಗ್ರಾಮಸ್ಥರೊಬ್ಬರು ಎದ್ದುನಿಂತು, “ನಮ್ಮ ಕೇರಿಗೆ ಬರುವುದು ಏಳು ಕೊಡವಲ್ಲ, ಐದೇ” ಎಂದರೆ, ಮಾತನ್ನು ಪರಿಶೀಲಿಸಿ, ನಿಜವೆಂದು ಕಂಡಲ್ಲಿ ಎಲ್ಲರೆದುರಿಗೇ ಇನ್ನೆರಡು ಕೊಡಗಳನ್ನು ಬರಿದುಮಾಡಬೇಕು. ತಿದ್ದಬಹುದಾದ ಚಿತ್ರದ ನಿಜವಾದ ಬೆಲೆ ಅಂದಕ್ಕಿಂತ ಹೆಚ್ಚಾಗಿ ಇದರಲ್ಲಿದೆ: ಜನರ ಮಾತಿಗೆ ಅದು ಬದಲಾಗಬಲ್ಲದು.