ಗರ್ಭದಲ್ಲಿ ಮಗುವಿನ ಹೃದಯ ರೂಪುಗೊಳ್ಳುವ ಬಗೆ



ಮಗುವಿನ ಹೃದಯದಲ್ಲಿ ರಂಧ್ರವಿದೆ ಎಂದು ವೈದ್ಯರು ಹೇಳಿದಾಗ ಎಷ್ಟೋ ತಾಯಂದಿರು ಕೇಳುವ ಮೊದಲ ಮಾತು, "ನಾನೇನು ತಪ್ಪು ಮಾಡಿದೆ?" ಎಂಬುದು. ಗ್ರಹಣದ ದಿನ ಹೊರಗೆ ಬಂದಳು, ಬಸುರಿಯಲ್ಲಿ ಭಾರ ಎತ್ತಿದಳು ಎಂದು ಮನೆಯವರೂ ಅವಳನ್ನೇ ದೂರುವುದುಂಟು. ಹೃದಯ ಹೇಗೆ, ಯಾವಾಗ ರೂಪುಗೊಳ್ಳುತ್ತದೆ ಎಂಬುದನ್ನು ತಿಳಿದರೆ ಈ ದೂರಿಗೆ ಆಧಾರವಿಲ್ಲವೆಂದು ನಿಮಗೇ ಮನವರಿಕೆಯಾಗುತ್ತದೆ.

ಗರ್ಭ ಕಟ್ಟಿದ ಮೂರನೆಯ ವಾರದಲ್ಲಿ ಹೃದಯದ ಮೂಲಕೋಶಗಳು ಎರಡು ಗುಂಪುಗಳಾಗಿ ಸಿದ್ಧವಾಗುತ್ತವೆ. ಮೊದಲ ಗುಂಪು ಕೂಡಿ ಒಂದು ಸಣ್ಣ ಕೊಳವೆಯಾಗುತ್ತದೆ. ಸುಮಾರು 22ನೇ ದಿನಕ್ಕೆ ಅದು ಮಿಡಿಯತೊಡಗುತ್ತದೆ. ಆಗ ತಾಯಿಗೆ ಮುಟ್ಟು ತಪ್ಪಿ ಸುಮಾರು ಒಂದು ವಾರವಷ್ಟೇ ಆಗಿರುತ್ತದೆ! ಎಡಗಡೆಯ ಕೆಳಕೋಣೆ ಹೆಚ್ಚಾಗಿ ಈ ಗುಂಪಿನಿಂದಲೇ ಆಗುತ್ತದೆ.

ಎರಡನೆಯ ಗುಂಪಿನ ಕೋಶಗಳು ತುಸು ತಡವಾಗಿ ಬಂದು ಕೊಳವೆಯ ಎರಡೂ ತುದಿಗಳಿಗೆ ಸೇರುತ್ತವೆ. ಬಲಗಡೆಯ ಕೆಳಕೋಣೆ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಗಳ ಬುಡ ಹಾಗೂ ಮೇಲಿನ ಕೋಣೆಗಳ ಬಹುಭಾಗ ಇವುಗಳ ಕೆಲಸ. ಇಲಿ ಮತ್ತು ಕೋಳಿಯ ಭ್ರೂಣಗಳಲ್ಲಿ ಈ ಗುಂಪನ್ನು ವಿಜ್ಞಾನಿಗಳು 2001ರಲ್ಲಿ ಗುರುತಿಸಿದರು.

ಕೊಳವೆ ಬೆಳೆಯುತ್ತಾ ಬಾಗಿ ಮಡಿಚಿಕೊಳ್ಳುತ್ತದೆ. ಒಳಗೆ ಗೋಡೆಗಳು ಎದ್ದು ಎಂಟನೆಯ ವಾರದ ಹೊತ್ತಿಗೆ ನಾಲ್ಕು ಕೋಣೆಗಳಾಗುತ್ತವೆ. ಕೆಳಕೋಣೆಗಳ ನಡುವಿನ ಗೋಡೆ ಪೂರ್ತಿ ಕೂಡದಿದ್ದರೆ ಅಲ್ಲಿ ರಂಧ್ರ ಉಳಿಯುತ್ತದೆ. ಎರಡನೆಯ ಗುಂಪಿನ ಕೆಲಸ ಕೆಟ್ಟರೆ ದೊಡ್ಡ ರಕ್ತನಾಳಗಳು ಸ್ಥಾನ ತಪ್ಪಬಹುದು. ಅಂಥ ಕೆಲವು ಮಕ್ಕಳ ತುಟಿ, ಉಗುರು ನೀಲಿಯಾಗುತ್ತವೆ.

ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು 8–9 ಮಕ್ಕಳಿಗೆ ಹೃದಯದ ದೋಷವಿರುತ್ತದೆ. ಹೆಚ್ಚಿನವರಲ್ಲಿ ಇಂಥದ್ದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದು. ಆದರೂ ಮುಂದಿನ ಬಸಿರಿಗೆ ಮೊದಲೇ ವಹಿಸಬಹುದಾದ ಎಚ್ಚರಗಳಿವೆ:

* ಸಕ್ಕರೆ ಕಾಯಿಲೆ ಇದ್ದರೆ ಗರ್ಭ ಧರಿಸುವ ಮೊದಲೇ ಹತೋಟಿಗೆ ತನ್ನಿ.
* ರುಬೆಲ್ಲಾ ಲಸಿಕೆ ಆಗಿಲ್ಲದಿದ್ದರೆ ಗರ್ಭ ಧರಿಸಲು ಕನಿಷ್ಠ ಒಂದು ತಿಂಗಳು ಮೊದಲು ಹಾಕಿಸಿಕೊಳ್ಳಿ. ಬಸುರಿಯರಿಗೆ ಈ ಲಸಿಕೆ ಕೊಡುವುದಿಲ್ಲ.
* ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭ ಧರಿಸುವ ಮೊದಲೇ ಆರಂಭಿಸಿ.
* ಮೂರ್ಛೆರೋಗದ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.
* ಸೋದರಸಂಬಂಧದಲ್ಲಿ ಮದುವೆಯಾಗಿದ್ದರೆ, ಅಥವಾ ಮೊದಲ ಮಗುವಿಗೆ ದೋಷವಿದ್ದರೆ, 18ರಿಂದ 22 ವಾರಗಳೊಳಗೆ ಗರ್ಭಸ್ಥ ಶಿಶುವಿನ ಹೃದಯದ ಸ್ಕ್ಯಾನಿಂಗ್ ಬಗ್ಗೆ ವೈದ್ಯರನ್ನು ಕೇಳಿ.

ಹಾಲು ಕುಡಿಯುವಾಗ ಮಗು ಬೆವತರೆ, ಏದುಸಿರು ಬಿಟ್ಟರೆ, ತೂಕ ಏರದಿದ್ದರೆ ತಡಮಾಡದೆ ತೋರಿಸಿ. ತುಟಿ ನೀಲಿಯಾದರೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ. ಸಣ್ಣ ರಂಧ್ರಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಉಳಿದ ಅನೇಕವನ್ನು ಶಸ್ತ್ರಚಿಕಿತ್ಸೆಯಿಂದ, ಕೆಲವನ್ನು ಎದೆ ತೆರೆಯದೆ ತೊಡೆಯ ರಕ್ತನಾಳದ ಮೂಲಕವೇ ಮುಚ್ಚಬಹುದು.

ಮನೆಯ ಹಿರಿಯರಲ್ಲಿ ಒಂದು ವಿನಂತಿ. ತಾಯಿಗೆ ಬಸಿರು ಖಚಿತವಾಗುವ ಮೊದಲೇ ಆರಂಭವಾಗಿಬಿಟ್ಟ ಕೆಲಸಕ್ಕೆ ಅವಳನ್ನು ಹೊಣೆ ಮಾಡಬೇಡಿ. ಮುಂದಿನ ತಪಾಸಣೆಯ ದಿನ ಅವಳ ಜೊತೆಗೆ ನೀವೂ ಬನ್ನಿ.