ಮುಪ್ಪಿನ ಮನೆಗೆ ಇಂದೇ ಲೆಕ್ಕ ಹಾಕಬೇಕು

(ಟಿ. ದಾಸರಹಳ್ಳಿಯಲ್ಲಿ ಸೇರಿದ್ದ ಕಾರ್ಮಿಕರ ಹಾಗೂ ವರ್ತಕರ ಸಭೆಯಲ್ಲಿ, ತುಮಕೂರಿನಿಂದ ಹೋಗಿದ್ದ ನಮ್ಮ ಸಂಗಾತಿಯೊಬ್ಬರು ಮಾಡಿದ ಭಾಷಣ)



ಪೀಣ್ಯದ ಕೈಗಾರಿಕಾ ಪ್ರದೇಶ ತಲೆಯೆತ್ತಿದ್ದು 1970ರ ದಶಕದಲ್ಲಿ. ಯೋಜನೆ ಮಾಡಿದವರು ಜಾಣರೇ. ಶೆಡ್ಡಿಗೆ ಎಷ್ಟು ವಿದ್ಯುತ್ತು ಬೇಕು, ಲಾರಿ ತಿರುಗಲು ರಸ್ತೆ ಎಷ್ಟು ಅಗಲವಿರಬೇಕು ಎಂಬುದನ್ನೆಲ್ಲ ಲೆಕ್ಕ ಹಾಕಿದರು. ಆ ಶೆಡ್ಡಿನೊಳಗೆ ದುಡಿಯುವವನಿಗೂ ಒಂದು ದಿನ ವಯಸ್ಸಾಗುತ್ತದೆಂಬುದು ಮಾತ್ರ ಲೆಕ್ಕಕ್ಕೆ ಬಂದಂತೆ ಕಾಣುವುದಿಲ್ಲ.

ಪಕ್ಕದ ಜಾಲಹಳ್ಳಿಯನ್ನು ನೋಡಿ. 1950ರ ದಶಕದಲ್ಲಿ ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳು ಬಂದಾಗ ಅವುಗಳ ಬೆನ್ನಿಗೇ ಕಾಲೊನಿಯೂ ಬಂತು. ಅದರಲ್ಲೂ ಒಂದು ಕೊರತೆಯಿತ್ತೆನ್ನಿ: ನಿವೃತ್ತಿಯಾದವನು ಕ್ವಾರ್ಟರ್ಸಿನ ಬೀಗದ ಕೈ ಒಪ್ಪಿಸಿ ಹೊರಡಬೇಕು. ಪೀಣ್ಯದ ಸಣ್ಣ ಕಾರ್ಖಾನೆಗಳ ಆಳುಗಳಿಗೆ ಆ ಭಾಗ್ಯವೂ ಇಲ್ಲ. ನಮ್ಮ ತುಮಕೂರು ಕಡೆಯಿಂದ, ಹಾಸನ, ಮಂಡ್ಯದ ಕಡೆಯಿಂದ ಬಂದು ಬಸ್ಸಿಳಿದ ಹುಡುಗರು ದಾಸರಹಳ್ಳಿ, ಚೊಕ್ಕಸಂದ್ರ, ಹೆಗ್ಗನಹಳ್ಳಿಯ ವಠಾರಗಳಲ್ಲಿ ಕೋಣೆ ಹಿಡಿದರು. ಇಂದಿಗೂ ಅಲ್ಲೇ ಇದ್ದಾರೆ.

1980ರಲ್ಲಿ ಇಪ್ಪತ್ತರ ಹುಡುಗನಾಗಿ ಬಂದವನಿಗೆ 2020ರಲ್ಲಿ ಅರವತ್ತಾಯಿತು. ಬದುಕಿದ್ದರೆ 2040ಕ್ಕೆ ಎಂಬತ್ತು. 2005ರಲ್ಲಿ ಗಾರ್ಮೆಂಟ್ಸಿಗೆ ಸೇರಿದ ಇಪ್ಪತ್ತರ ಹೆಣ್ಣುಮಗಳಿಗೆ 2045ರಲ್ಲಿ ಅರವತ್ತು. ಇದಕ್ಕೆ ಜೋಯಿಸರನ್ನು ಕೇಳಬೇಕಾಗಿಲ್ಲ. ಇಪ್ಪತ್ತು ವರ್ಷದ ನಂತರ ಆಸರೆ ಬೇಕಾಗುವವರು ಇಂದು ನಮ್ಮ ಬೀದಿಯಲ್ಲೇ ಓಡಾಡುತ್ತಿದ್ದಾರೆ, ನಿಮ್ಮ ಅಂಗಡಿಗೆ ಬಂದು ಬೇಳೆ ಕಟ್ಟಿಸಿಕೊಳ್ಳುತ್ತಿದ್ದಾರೆ. ಪವರ್ ಪ್ರೆಸ್ಸಿನಲ್ಲಿ ಬೆರಳು ಹೋದವನಿಗಂತೂ ಆಸರೆ ಇಂದೇ ಬೇಕು. ಅವನು ಮುಪ್ಪಿಗಾಗಿ ಕಾಯಬೇಕಾಗಿಲ್ಲ.

"ಊರಿಗೆ ಹೋಗಲಿ, ಮಕ್ಕಳಿಲ್ಲವೆ?" ಎಂದು ಕೇಳುವವರಿದ್ದಾರೆ. ಊರಿನ ಮನೆ ಎಂದೋ ಹಿಸ್ಸೆಯಾಗಿದೆ. ಮಗ ತಾನೇ ಒಂದು ಕೋಣೆಯಲ್ಲಿ ಹೆಂಡತಿ, ಎರಡು ಮಕ್ಕಳೊಡನೆ ಇದ್ದಾನೆ. ಅವನ ಮನಸ್ಸು ದೊಡ್ಡದಿರಬಹುದು, ಕೋಣೆ ದೊಡ್ಡದಾಗುವುದಿಲ್ಲ. ನೌಕರರ ಪಿಂಚಣಿ ಯೋಜನೆಯಲ್ಲಿ 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ 1000 ರೂಪಾಯಿ. ದಾಸರಹಳ್ಳಿಗೆ 2015ರಲ್ಲಿ ಮೆಟ್ರೋ ಬಂತು, ಸಂತೋಷ. ಆದರೆ ಆ ಸಾವಿರಕ್ಕೆ ಇಲ್ಲಿ ಯಾರು ಬಾಡಿಗೆಗೆ ಕೋಣೆ ಕೊಡುತ್ತಾರೆ?

ನಾನು ಆಸರೆಯ ಮನೆ ಎಂದರೆ ವೃದ್ಧಾಶ್ರಮವೆಂದು ತಿಳಿಯಬೇಡಿ. ಹಾಲಿನಲ್ಲಿ ಸಾಲು ಮಂಚ ಹಾಕಿ, ಗಂಟೆ ಬಾರಿಸಿ ಅನ್ನ ಬಡಿಸಿ, ಹಬ್ಬದ ದಿನ ಯಾರೋ ಬಂದು ಹಣ್ಣು ಹಂಚಿ ಫೋಟೋ ತೆಗೆಸಿಕೊಂಡು ಹೋಗುವುದು ನನಗೆ ಬೇಡ. ನೆಲಮಾಳಿಗೆ ಬೇಡ, ಮೂರನೆಯ ಮಹಡಿಯೂ ಬೇಡ. ನೆಲಮಟ್ಟದಲ್ಲಿ ಒಂದು ಕೋಣೆ, ಒಲೆ, ತನ್ನದೇ ಬೀಗ. ಬಚ್ಚಲಿನಲ್ಲಿ ಜಾರದ ನೆಲ, ಗೋಡೆಗೆ ಹಿಡಿ. ದಿನಕ್ಕೊಮ್ಮೆ ಬಂದು ಔಷಧಿ ತೆಗೆದುಕೊಂಡಿರಾ ಎಂದು ವಿಚಾರಿಸುವ, ಅದಕ್ಕಾಗಿ ಸಂಬಳ ಪಡೆಯುವ ಒಬ್ಬ ಸಹಾಯಕಿ. ಇಂಥ ಹತ್ತು ಮನೆ ಈ ಬೀದಿಯಲ್ಲಿ, ಹತ್ತು ಆ ಬೀದಿಯಲ್ಲಿ ಇರಬೇಕು. ಹಳೆಯ ಸ್ನೇಹಿತರು, ಹಾಲಿನ ಅಂಗಡಿ, ಪೀಣ್ಯದ ಇ.ಎಸ್.ಐ. ಆಸ್ಪತ್ರೆ ದೂರವಾಗಕೂಡದು. ಡೆನ್ಮಾರ್ಕ್ ದೇಶ 1987ರಲ್ಲೇ ಕಾಯಿದೆ ಮಾಡಿ, ಹಳೆಯ ಮಾದರಿಯ ವೃದ್ಧಾಶ್ರಮಗಳನ್ನು ಹೊಸದಾಗಿ ಕಟ್ಟುವುದನ್ನು ನಿಲ್ಲಿಸಿ ಈ ದಾರಿ ಹಿಡಿಯಿತು. ಅದು ಸಿರಿವಂತ ದೇಶ, ನಿಜ. ಆದರೆ ಗೋಡೆಗೊಂದು ಹಿಡಿ ಬಡಿಯಲು ಸಿರಿತನವೇನೂ ಬೇಕಾಗಿಲ್ಲ.

ನಮ್ಮಲ್ಲಿ ಕಾಯಿದೆ ಇಲ್ಲವೆ? ಇದೆ. 2007ರ ಹಿರಿಯ ನಾಗರಿಕರ ಕಾಯಿದೆಯು ಜಿಲ್ಲೆಗೆ ಕನಿಷ್ಠ ಒಂದು ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ಮಂದಿ ನಿರ್ಗತಿಕರಿಗೆ ಜಾಗ ಎನ್ನುತ್ತದೆ. 2011ರ ಗಣತಿಯಂತೆ ಕೊಡಗಿನಲ್ಲಿ ಐದೂವರೆ ಲಕ್ಷ ಜನ, ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ. ಎರಡಕ್ಕೂ ಅದೇ ನೂರೈವತ್ತರ ಅಳತೆ! 2017ರ ಮಾನಸಿಕ ಆರೋಗ್ಯ ಕಾಯಿದೆ ಇನ್ನೂ ಮುಂದೆ ಹೋಗಿ, ಮನೆಯವರು ಕರೆದೊಯ್ಯುವುದಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಇರಿಸಿಕೊಳ್ಳಕೂಡದು, ಅಂಥವರಿಗೆ ಆಸರೆಯ ವಸತಿ ಬೇಕು ಎಂದಿದೆ. ಒಳ್ಳೆಯ ಮಾತು. ಆ ವಸತಿ ಎಷ್ಟು ಬೇಕು, ಯಾವ ಬೀದಿಯಲ್ಲಿ ಬೇಕು ಎಂದು ಎಣಿಸುವವರು ಯಾರು?

ಸರ್ಕಾರದ ಎಣಿಕೆಯನ್ನು ಕಾಯುತ್ತ ಕುಳಿತರೆ ಆಗುವುದಿಲ್ಲ. 2011ರಲ್ಲಿ ಕರ್ನಾಟಕದಲ್ಲಿ ಅರವತ್ತು ದಾಟಿದವರು ನೂರಕ್ಕೆ ಸುಮಾರು ಒಂಬತ್ತೂವರೆ ಇದ್ದರು. 2021ರಲ್ಲಿ ಗಣತಿಯೇ ನಡೆಯಲಿಲ್ಲ. ಇತ್ತ ದಾಸರಹಳ್ಳಿಯ ನಗರಸಭೆ 2007ರಲ್ಲಿ ಬೃಹತ್ ಪಾಲಿಕೆಗೆ ಸೇರಿತು. 2025ರಲ್ಲಿ ಆ ಪಾಲಿಕೆಯೂ ಐದಾಗಿ ಒಡೆಯಿತು. ಅರ್ಜಿ ಹಿಡಿದ ಮುದುಕ ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು?

ಆದ್ದರಿಂದ ಎಣಿಕೆ ನಮ್ಮಿಂದಲೇ ಆರಂಭವಾಗಲಿ. ಇಲ್ಲಿ ಕುಳಿತಿರುವ ಅಂಗಡಿಯವರಿಗೆ ಯಾವ ಅಧಿಕಾರಿಗಿಂತಲೂ ಹೆಚ್ಚು ಗೊತ್ತು. ಅರ್ಧ ಕಿಲೋ ಅಕ್ಕಿ ಒಯ್ಯುವವರು ಯಾರು, ಗಂಡ ಸತ್ತ ಮೇಲೆ ಹಾಲು ಕಾಲು ಲೀಟರಿಗೆ ಇಳಿಸಿದವಳು ಯಾರು, ಎರಡು ದಿನದಿಂದ ಬಾರದವರು ಯಾರು ಎಂಬುದೆಲ್ಲ ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಹೆಸರನ್ನು ಊರಿಗೆಲ್ಲ ಸಾರಬೇಡಿ, ಅವರಿಗೂ ಮಾನವಿದೆ. ಅವರನ್ನೇ ಕೇಳಿ, ಒಪ್ಪಿದರೆ ಬರೆದುಕೊಳ್ಳಿ: ವಯಸ್ಸು, ಯಾವ ಮಹಡಿ, ಮೆಟ್ಟಿಲು ಹತ್ತಬಲ್ಲರೇ, ಜೊತೆಗೆ ಯಾರಿದ್ದಾರೆ. ಕಾರ್ಮಿಕರು ತಮ್ಮ ತಮ್ಮ ಶೆಡ್ಡಿನಲ್ಲಿ ಐವತ್ತು ದಾಟಿದವರ ಪಟ್ಟಿ ಮಾಡಲಿ. ಆ ಪಟ್ಟಿಯನ್ನು ಮುಂದಿಟ್ಟು ಬಡಾವಣೆಗಳ ನಾಗರಿಕ ಸೌಲಭ್ಯದ ನಿವೇಶನಗಳಲ್ಲಿ ಪಾಲು ಕೇಳೋಣ. ಇಂದು ಖಾಲಿ ಇರುವ ನಿವೇಶನ ನಾಳೆ ಖಾಲಿ ಇರುವುದಿಲ್ಲ.

ನಮ್ಮ ತುಮಕೂರಿನವರಿಗೂ ಒಂದು ಮಾತು. ವಸಂತನರಸಾಪುರದಲ್ಲಿ ಶೆಡ್ಡುಗಳು ಏಳುತ್ತಿವೆ, ಅಲ್ಲಿಗೂ ಇಪ್ಪತ್ತರ ಹುಡುಗರೇ ಹೋಗುತ್ತಿದ್ದಾರೆ. ಅಲ್ಲಿನ ನಕ್ಷೆಯನ್ನು ಕೇಳಿ ಪಡೆದು, 2065ರಲ್ಲಿ ಅವರು ಎಲ್ಲಿ ಮಲಗುತ್ತಾರೆಂಬುದು ಅದರಲ್ಲಿ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಜಾಗ ಉಳಿದಿರುವಾಗಲೇ ಬರೆಸಿ.