ಕರುಳಿನ ಕ್ಯಾನ್ಸರೂ ಜೀವಕೋಶಗಳ ಅಂಟೂ
(ವಾಚನಾಲಯದ ಭಾನುವಾರದ ಕೂಟದಲ್ಲಿ ಓದಿದ ಭಾಷಣ)



ನಾವು ವೈದ್ಯರಲ್ಲ. ಅಹಮದಾಬಾದಿನ ಗಿರಣಿಯೊಂದರಲ್ಲಿ ಹಾಜರಿ ಪುಸ್ತಕ ಬರೆಯುವ ಗುಮಾಸ್ತರು. ಮೆಟ್ರಿಕ್ ತನಕ ಓದಿದವರು. ಆದರೂ ಈ ವಿಷಯವನ್ನು ಎತ್ತಿಕೊಂಡದ್ದಕ್ಕೆ ಕಾರಣವಿದೆ. ನಮ್ಮ ಖಾತೆಯ ಹಿರಿಯರೊಬ್ಬರಿಗೆ ಮಲದಲ್ಲಿ ರಕ್ತ ಬೀಳುತ್ತಿತ್ತು. ಮೂಲವ್ಯಾಧಿಯೆಂದು ತಿಳಿದು ತಿಂಗಳುಗಟ್ಟಲೆ ಯಾರಿಗೂ ಹೇಳಲಿಲ್ಲ. ಹೇಳಲು ನಾಚಿಕೆ, ರಜೆ ಹಾಕಿದರೆ ಪಗಾರ ಕಡಿತ. ಕಡೆಗೆ ಆಸ್ಪತ್ರೆಗೆ ಹೋದಾಗ ರೋಗ ಕರುಳನ್ನು ದಾಟಿ ಯಕೃತ್ತನ್ನು ಮುಟ್ಟಿತ್ತು. "ಕರುಳಿನ ರೋಗ ಲಿವರಿಗೆ ಹೇಗೆ ಹೋಯಿತಪ್ಪಾ?" ಎಂದು ಅವರು ನಮ್ಮನ್ನು ಕೇಳಿದರು. ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ, ಡಾಕ್ಟರರನ್ನು ಕೇಳಿ ತಿಳಿದುಕೊಂಡದ್ದನ್ನು ಇಂದು ತಮ್ಮ ಮುಂದಿಡುತ್ತೇವೆ.

ಬಟ್ಟೆ ಬಟ್ಟೆಯಾಗಿ ನಿಲ್ಲುವುದು ಹಾಸು ಹೊಕ್ಕುಗಳು ಒಂದನ್ನೊಂದು ಹಿಡಿದಿರುವುದರಿಂದ. ಕರುಳಿನ ಒಳಪದರವೂ ಹಾಗೆಯೇ. ಅದರ ಜೀವಕೋಶಗಳು ಒತ್ತೊತ್ತಾಗಿ ನಿಂತಿವೆ. ನಾಲ್ಕೈದು ದಿನಗಳಿಗೊಮ್ಮೆ ಹಳೆಯವು ಉದುರಿ ಹೊಸವು ಬರುತ್ತವೆ. ಪಕ್ಕದ ಕೋಶವನ್ನು ಬಿಡದೆ ಹಿಡಿಯುವ ಅಂಟಿನಂಥ ಅಣುಗಳಲ್ಲಿ ಮುಖ್ಯವಾದದ್ದು ಇ-ಕ್ಯಾಡ್‌ಹೆರಿನ್. ಈ ಬಗೆಯ ಅಣುಗಳನ್ನು 1980ರ ದಶಕದಲ್ಲಿ ಜಪಾನಿನ ಕ್ಯೋಟೋದಲ್ಲಿ ಮಸಾತೋಶಿ ತಕೇಚಿ ಎಂಬ ವಿಜ್ಞಾನಿ ಗುರುತಿಸಿ ಹೆಸರಿಟ್ಟರು. ಕ್ಯಾಲ್ಸಿಯಂ ಇದ್ದರೇನೇ ಇವುಗಳ ಹಿಡಿತ.

ಈ ಅಂಟಿನ ಒಳತುದಿಗೆ ಬೀಟಾ-ಕ್ಯಾಟೆನಿನ್ ಎಂಬ ಕೊಂಡಿ ಇದೆ. ಅದು ಹೆಚ್ಚಾದರೆ ತೆಗೆದುಹಾಕಿಸುವ ಕೆಲಸ ಎ.ಪಿ.ಸಿ. ಎಂಬ ಜೀನಿನದು. ಕರುಳಿನ ಕ್ಯಾನ್ಸರಿನ ಬಹುಪಾಲು ಗಡ್ಡೆಗಳಲ್ಲಿ ಈ ಜೀನು ಕೆಟ್ಟಿರುತ್ತದೆ. ಆಗ ಮಿಕ್ಕುಳಿದ ಬೀಟಾ-ಕ್ಯಾಟೆನಿನ್ ಕೋಶದ ಕೇಂದ್ರಕ್ಕೆ ಹೋಗಿ, ಒಂದು ಎರಡಾಗು ಎಂದು ಹುಕುಂ ಮಾಡುತ್ತಲೇ ಇರುತ್ತದೆ. ಮೊದಲು ಮೊಳಕೆಯಂಥ ಗಂಟು ಏಳುತ್ತದೆ. ಅದು ಕ್ಯಾನ್ಸರಾಗಲು ಸಾಮಾನ್ಯವಾಗಿ ಸುಮಾರು 10 ವರ್ಷ ಬೇಕು. ಮುಂದೆ ಅನೇಕ ಗಡ್ಡೆಗಳ ಅಂಚಿನಲ್ಲಿ ಇ-ಕ್ಯಾಡ್‌ಹೆರಿನ್ ಕಡಿಮೆಯಾಗಿ ಕೋಶಗಳು ಸಡಿಲವಾಗುತ್ತವೆ. ಬಿಡಿಬಿಡಿಯಾದವು ರಕ್ತದೊಳಗೆ ನುಸುಳುತ್ತವೆ. ದೊಡ್ಡ ಕರುಳಿನ ರಕ್ತ ಹೃದಯಕ್ಕೆ ಮರಳುವ ಮುನ್ನ ಯಕೃತ್ತನ್ನು ಹಾದು ಹೋಗುತ್ತದೆ. ಹಿರಿಯರ ಪ್ರಶ್ನೆಗೆ ಉತ್ತರ ಇದೇ.

ಇನ್ನೊಂದು ಅಣುವಿನ ಹೆಸರು ನಮ್ಮಲ್ಲಿ ಕೆಲವರು ರಕ್ತಪರೀಕ್ಷೆಯ ಚೀಟಿಯಲ್ಲಿ ನೋಡಿರಬಹುದು: ಸಿ.ಇ.ಎ. ಇದನ್ನು 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್ಮನ್ ಕಂಡುಹಿಡಿದರು. ಇದೂ ಅಂಟಿನ ಅಣುವೇ ಎಂಬುದು 1989ರಲ್ಲಿ ತಿಳಿಯಿತು. ಶಸ್ತ್ರಕ್ರಿಯೆಯ ನಂತರ ರೋಗ ಮರಳಿತೇ ಎಂದು ನೋಡಲು ಇದು ಉಪಯೋಗ. ಆದರೆ ಬೀಡಿ ಸಿಗರೇಟು ಸೇದುವವರಲ್ಲೂ ಏರುವುದರಿಂದ, ರೋಗವಿದೆಯೋ ಇಲ್ಲವೋ ಎಂದು ಮೊದಲು ಪತ್ತೆಮಾಡಲು ಇದೊಂದೇ ಸಾಲದು.

ರೋಗ ಕರುಳಿನಲ್ಲೇ ಇರುವಾಗ ಸಿಕ್ಕರೆ, ಅಮೆರಿಕದ ಲೆಕ್ಕದಂತೆ, 100ಕ್ಕೆ ಸುಮಾರು 90 ಜನ ಐದು ವರ್ಷ ದಾಟುತ್ತಾರೆ. ದೂರದ ಅಂಗಕ್ಕೆ ಹರಡಿದ ಮೇಲೆ ಸಿಕ್ಕರೆ ಸುಮಾರು 15 ಮಾತ್ರ. ಮಗ್ಗದಲ್ಲಿ ಎಳೆ ಕಡಿದೊಡನೆ ನಿಲ್ಲಿಸಿ ಗಂಟು ಹಾಕಿದರೆ ಬಟ್ಟೆ ಉಳಿಯುತ್ತದೆ. ಬಿಟ್ಟರೆ ಥಾನೇ ಹಾಳು. ಇದು ನಮಗೆ ಯಾರೂ ಕಲಿಸಬೇಕಾದ ಮಾತಲ್ಲ.

ಆದ್ದರಿಂದ ಮಲದಲ್ಲಿ ರಕ್ತ, ಹಲವು ವಾರ ಬದಲಾದ ಮಲವಿಸರ್ಜನೆ, ಕಾರಣವಿಲ್ಲದೆ ಇಳಿವ ತೂಕ, ರಕ್ತಹೀನತೆ ಕಂಡರೆ ಮೂಲವ್ಯಾಧಿಯೆಂದು ನಾವೇ ತೀರ್ಪು ಕೊಡುವುದು ಬೇಡ. ಇ.ಎಸ್.ಐ. ಕಾರ್ಡು ಇದ್ದವರು ತಮ್ಮ ದವಾಖಾನೆಗೆ ಹೋಗಿ ಕೇಳಿರಿ. ಅಹಮದಾಬಾದಿನ ಅಸಾರ್ವಾದಲ್ಲಿ, ಸಿವಿಲ್ ಆಸ್ಪತ್ರೆಯ ಆವರಣದಲ್ಲಿ, 1972ರಲ್ಲಿ ಸ್ಥಾಪನೆಯಾದ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಿದೆ. ವಡೋದರಾದವರಿಗೆ ಸಯಾಜಿರಾವ್ ಆಸ್ಪತ್ರೆ, ಸೂರತ್ತಿನವರಿಗೆ ನ್ಯೂ ಸಿವಿಲ್ ಆಸ್ಪತ್ರೆ ಇವೆ. ಊರಿಗೆ ಹೋಗಿ ತೋರಿಸುವವರಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯುಂಟು.

ಗುಜರಾತಿ ಬಾರದೆಂದು ಯಾರೂ ಹಿಂಜರಿಯಬೇಕಿಲ್ಲ. ಈ ವಾಚನಾಲಯಕ್ಕೆ ಬಂದು ಹೇಳಿದರೆ ನಾವೇ ಜೊತೆಗೆ ಬರುತ್ತೇವೆ. ಆ ಹಿರಿಯರ ಜೊತೆ ನಾವು ಹೋದದ್ದು ತಡವಾಗಿತ್ತು; ಇನ್ನೊಬ್ಬರ ವಿಷಯದಲ್ಲಿ ಹಾಗಾಗಬಾರದೆಂದು ಪ್ರಾರ್ಥಿಸಿ ಈ ನಾಲ್ಕು ಮಾತು ಮುಗಿಸುತ್ತೇವೆ.